ಮಕ್ಕಳ ಡ್ಯಾನ್ಸ್ ಡ್ರೆಸ್ಸಿನ ಸೊಂಟ: ಇಲಾಸ್ಟಿಕ್ಕೋ, ಲಾಡಿಯೋ, ಎರಡೂನೋ?

ಡಿಸೆಂಬರ್ ಬಂತೆಂದರೆ ನಮ್ಮೂರ ಟೈಲರ್‌ಗಳದ್ದು ಒಂದೇ ಉತ್ತರ: “ಸ್ಕೂಲ್ ಡೇಗೆ ಮೊದಲು ಆಗುವುದಿಲ್ಲ ಮೇಡಂ, ಬ್ಲೌಸೇ ಅಷ್ಟು ಬಾಕಿ ಉಂಟು.” ಬಾಡಿಗೆಗೆ ತಂದರೆ ಸೊಂಟದ ಸುತ್ತ ಪಿನ್ ಚುಚ್ಚಿದ ತೂತುಗಳು, ಅಳತೆಯೂ ಅಂದಾಜಿನದ್ದು. ಹಾಗಾಗಿ ಮನೆಯ ಮಿಷನ್ನಿನ ಮೇಲೆ ಹೊದೆಸಿದ ಬಟ್ಟೆ ತೆಗೆದು ತಾವೇ ಹೊಲಿಯಲು ಕೂರುವವರು ತುಂಬಾ ಜನ. ಲಂಗವೋ ಪೈಜಾಮವೋ ಹೊಲಿಯುವುದು ಅಂಥ ಕಷ್ಟವೇನಲ್ಲ. ಎರಡು ನೇರ ಹೊಲಿಗೆ, ಕೆಳಗೊಂದು ಅಂಚು, ಅಷ್ಟೇ. ಕೈ ಕೊಡುವುದು ಸೊಂಟ. ಒಂದು ಕೈಯಲ್ಲಿ ದಾಂಡಿಯಾ ಕೋಲು, ಇನ್ನೊಂದು ಕೈಯಲ್ಲಿ ಜಾರುವ ಲಂಗ ಹಿಡಿದು ಕುಣಿಯುವ ಮಕ್ಕಳನ್ನು ಪ್ರತಿ ವರ್ಷ ನೋಡುತ್ತೇವಲ್ಲ.

ಇಲಾಸ್ಟಿಕ್ ಕೊಳ್ಳುವ ಮೊದಲು ಮಗುವಿನ ಮೈ ನೋಡಿ. ದೊಡ್ಡವರಿಗೆ ಸೊಂಟ ಸಣ್ಣ, ಅದರ ಕೆಳಗೆ ಅಗಲ. ಲಂಗ ಅಲ್ಲಿ ತಾನಾಗಿಯೇ ಕೂತುಕೊಳ್ಳುತ್ತದೆ. ಐದಾರು ವರ್ಷದ ಮಗುವಿಗೆ ಹಾಗಲ್ಲ. ಎದೆ, ಹೊಟ್ಟೆ, ಹಿಂಭಾಗ ಎಲ್ಲ ಹೆಚ್ಚು ಕಡಿಮೆ ಒಂದೇ ಅಳತೆ, ಹೊಟ್ಟೆಯೇ ಸ್ವಲ್ಪ ಮುಂದೆ. ಅಲ್ಲಿ ಭಾರದ ಲಂಗ ನಿಲ್ಲಿಸುವುದು ಕುಂಬಳಕಾಯಿಗೆ ಲಾಡಿ ಕಟ್ಟಿದ ಹಾಗೆ. ಇಲಾಸ್ಟಿಕ್ ಹಿಡಿಯುವುದು ಬರೀ ಒತ್ತಡದಿಂದ. ಬಟ್ಟೆಯ ಭಾರ ಆ ಒತ್ತಡಕ್ಕಿಂತ ಜಾಸ್ತಿಯಾದರೆ ಜಾರಿಯೇ ಜಾರುತ್ತದೆ. ಬಿಗಿ ಮಾಡಿದರೆ ಹೊಟ್ಟೆಯಲ್ಲಿ ಕೆಂಪು ಬರೆ ಬೀಳುತ್ತದೆ, ಮಗು ಅದನ್ನು ಕೆಳಗೆ ತಳ್ಳುತ್ತದೆ, ಆಗಲೂ ಜಾರುತ್ತದೆ. ಆದ್ದರಿಂದ ನನ್ನ ಲೆಕ್ಕ ಇಷ್ಟು: ಹಗುರ ಬಟ್ಟೆಗೆ ಇಲಾಸ್ಟಿಕ್, ಮಧ್ಯಮಕ್ಕೆ ಇಲಾಸ್ಟಿಕ್ ಜೊತೆ ಲಾಡಿ, ಭಾರದ್ದಕ್ಕೆ ಸೊಂಟವನ್ನು ನಂಬದೆ ಭುಜಕ್ಕೆ ಹೊರಿಸುವುದು.

ಇನ್ನೊಂದು ಪ್ರಶ್ನೆಯನ್ನೂ ಮೊದಲೇ ಕೇಳಿಕೊಳ್ಳಿ. ಅವತ್ತು ಮಗುವಿಗೆ ಡ್ರೆಸ್ ಹಾಕುವವರು ಯಾರು? ಹೆಚ್ಚಿನ ಶಾಲೆಗಳಲ್ಲಿ ಗ್ರೀನ್ ರೂಮಿಗೆ ಅಪ್ಪ ಅಮ್ಮನನ್ನು ಬಿಡುವುದಿಲ್ಲ. ಒಬ್ಬರು ಟೀಚರ್, ಎದುರಿಗೆ ಸಾಲಾಗಿ ನಿಂತ ಮಕ್ಕಳು, ಟೀಚರ್ ಬಾಯಲ್ಲಿ ನಾಲ್ಕು ಸೇಫ್ಟಿ ಪಿನ್. ನೀವು ಎಷ್ಟೇ ಚೆಂದದ ಒಳಲಾಡಿ, ಎರಡೆರಡು ಹುಕ್ಕು ಇಟ್ಟಿರಿ, ಅವರಿಗೆ ಅದನ್ನು ಹುಡುಕಲು ಪುರುಸೊತ್ತು ಇರುವುದಿಲ್ಲ. ಹೊರಗೆ ಕಾಣುವುದಕ್ಕೆ ಒಂದು ಪಿನ್ ಚುಚ್ಚಿ ಮುಂದಕ್ಕೆ ಕಳಿಸುತ್ತಾರೆ. ಯಾರೂ ಹೇಳಿಕೊಡದೆ ಸರಿಯಾಗಿ ಹಾಕಲು ಬರುವ ಸೊಂಟವೇ ಒಳ್ಳೆಯ ಸೊಂಟ.

ಅಂಗಡಿಯಲ್ಲಿ ಎಳೆದು ನೋಡಿ

ಮಂಗಳೂರಿನ ಹಂಪನಕಟ್ಟೆ, ರಥಬೀದಿಯ ಕಡೆಯಾಗಲಿ, ಉಡುಪಿಯ ರಥಬೀದಿಯ ಸುತ್ತಮುತ್ತಲಾಗಲಿ ಹೊಲಿಗೆ ಸಾಮಾನಿನ ಅಂಗಡಿಯಲ್ಲಿ “ಇಲಾಸ್ಟಿಕ್ ಕೊಡಿ” ಎಂದರೆ ಮೊದಲು ಕೈಗೆ ಬರುವುದು ತೆಳ್ಳಗಿನ ಬಿಳಿಯದ್ದು. ಅದನ್ನು ಎರಡು ಕೈಯಲ್ಲಿ ಹಿಡಿದು ಎಳೆಯಿರಿ. ಎಳೆದಾಗ ಅಗಲ ಕಡಿಮೆಯಾದರೆ ಅದು ಜಡೆಯಂತೆ ಹೆಣೆದ ಇಲಾಸ್ಟಿಕ್. ಉದ್ದಕ್ಕೆ ಸಣ್ಣ ಗೆರೆಗಳಿರುತ್ತವೆ. ಅಗ್ಗ, ಹಗುರ. ಆದರೆ ಅದರ ಮೇಲೆ ಮಿಷನ್ ಹೊಲಿಗೆ ಹಾಕಿದರೆ ಸೂಜಿ ಒಳಗಿನ ರಬ್ಬರ್ ಎಳೆಗಳನ್ನು ಚುಚ್ಚಿ ಸೆಳೆತ ಕಡಿಮೆಯಾಗುತ್ತದೆ. ಬಟ್ಟೆ ಮಡಚಿ ಹೊಲಿದ ಪಟ್ಟಿಯೊಳಗೆ ತೂರಿಸಲು ಮಾತ್ರ ಸರಿ. ಅಗಲದ್ದು ತಂದರೆ ಒಳಗೇ ಮಡಚಿ ಸುರುಳಿಯಾಗುತ್ತದೆ. ತೋಳು, ಕಾಲಿನ ಕೊನೆಗೆ ಕಾಲಿಂಚಿನದ್ದು ಸಾಕು. ಸೊಂಟಕ್ಕೆ ಬೇಡ.

ಎಳೆದರೂ ಅಗಲ ಹಾಗೆಯೇ ಉಳಿದರೆ ಅದು ನೇಯ್ದದ್ದು ಅಥವಾ ನಿಟ್ಟಿಂಗಿನದ್ದು. ನಿಟ್ಟಿಂಗಿನದ್ದು ಮೆತ್ತಗೆ, ಮಕ್ಕಳ ಚಡ್ಡಿಯಲ್ಲಿ ಇರುವಂಥದ್ದು. ಬರಿಮೈಗೆ ತಾಗುವ ಕಡೆ ಇದೇ ಹಿತ. ನೇಯ್ದದ್ದು ಗಟ್ಟಿ, ಎಳೆಯಲು ಸ್ವಲ್ಪ ಬಲ ಬೇಕು. ಅದರಲ್ಲೇ ಅಡ್ಡಕ್ಕೆ ಗೆರೆಗಳಿರುವ ಒಂದು ಬಗೆ ಉಂಟು, ಅಂಗಡಿಯಲ್ಲಿ ನಾನ್‌ರೋಲ್ ಎನ್ನುತ್ತಾರೆ. ಆ ಗೆರೆಗಳು ಅದನ್ನು ನೆಟ್ಟಗೆ ನಿಲ್ಲಿಸುತ್ತವೆ, ಮಗು ಬಗ್ಗಿ ಎದ್ದರೂ ಮಡಚುವುದಿಲ್ಲ. ಡ್ಯಾನ್ಸ್ ಡ್ರೆಸ್ಸಿಗೆ ಒಂದೇ ಬಗೆ ತರುವುದಾದರೆ ಒಂದಿಂಚಿನ ನಾನ್‌ರೋಲ್ ತನ್ನಿ. ನಾಲ್ಕು ವರ್ಷಕ್ಕಿಂತ ಚಿಕ್ಕ ಮಗುವಿಗೆ ಮುಕ್ಕಾಲಿಂಚಿನ ಮೆತ್ತನೆಯದು. ಒಂದೂವರೆ ಇಂಚಿನದ್ದು ಹಿಡಿತ ಚೆನ್ನಾಗಿರುತ್ತದೆ ಎಂದು ಕಾಣುತ್ತದೆ, ಆದರೆ ಸಣ್ಣ ಮಗು ಕೂತಾಗ ಅದು ಪಕ್ಕೆಲುಬಿಗೂ ತೊಡೆಗೂ ನಡುವೆ ಸಿಕ್ಕಿಕೊಳ್ಳುತ್ತದೆ.

ಒಂದು ಮೀಟರ್ ಅಂದರೆ 39 ಇಂಚು. ಒಂದು ಮಗುವಿನ ಸೊಂಟಕ್ಕೆ ಧಾರಾಳ. ಹಳೆ ಡಬ್ಬದಲ್ಲಿರುವ ಇಲಾಸ್ಟಿಕ್ ಸುಮ್ನೆ ಬಳಸಬೇಡಿ. ಮೊದಲು ಕಿವಿಯ ಹತ್ತಿರ ಹಿಡಿದು ಎಳೆಯಿರಿ. ಚಿಟಚಿಟ ಸದ್ದು ಬಂದರೆ ಒಳಗಿನ ರಬ್ಬರ್ ಹೋಗಿದೆ ಎಂದರ್ಥ.

ಸುತ್ತಲೂ ಇಲಾಸ್ಟಿಕ್, ಪಟ್ಟಿಯೊಳಗೆ

ಎಲ್ಲರಿಗೂ ಗೊತ್ತಿರುವ ದಾರಿ ಇದೇ. ಬಟ್ಟೆಯ ಮೇಲಂಚು ಮಡಚಿ ಹೊಲಿದು, ಒಂದು ಕಡೆ ಎರಡಿಂಚು ಬಿಟ್ಟು, ಸೇಫ್ಟಿ ಪಿನ್ನಿಗೆ ಸಿಕ್ಕಿಸಿದ ಇಲಾಸ್ಟಿಕ್ ತೂರಿಸುವುದು. ಕಾಲು ಮಿಷನ್ನಿನಲ್ಲೂ ಆಗುತ್ತದೆ, ಯಾಕೆಂದರೆ ಬೇಕಾಗಿರುವುದು ನೇರ ಹೊಲಿಗೆ ಮಾತ್ರ. ಬಿಚ್ಚಿ ಬಿಗಿ ಸಡಿಲ ಮಾಡಲೂ ಸುಲಭ.

ಅಳತೆಗೆ ಒಂದು ಉದಾಹರಣೆ. ಮಗುವಿನ ಸೊಂಟ 22 ಇಂಚು, ಹಿಂಭಾಗದ ಸುತ್ತಳತೆ 24 ಎಂದುಕೊಳ್ಳಿ. ಬಟ್ಟೆಯ ಮೇಲಂಚಿನ ಸುತ್ತು ಕಡಿಮೆಯೆಂದರೂ 26 ಇರಬೇಕು, ಇಲ್ಲದಿದ್ದರೆ ಮೇಲಕ್ಕೆ ಏರುವುದೇ ಇಲ್ಲ. ಇಲಾಸ್ಟಿಕ್ 20 ಇಂಚಿನ ಸುತ್ತು ಸಾಕು. ಜೋಡಿಸಲು ಒಂದಿಂಚು ಸೇರಿಸಿ 21 ಕತ್ತರಿಸಿ. ಗಟ್ಟಿ ನಾನ್‌ರೋಲ್ ಆದರೆ ಇನ್ನೂ ಅರ್ಧ ಇಂಚು ಸಡಿಲ ಬಿಟ್ಟರೂ ನಡೆಯುತ್ತದೆ. ಒಂದಿಂಚಿನ ಇಲಾಸ್ಟಿಕ್ಕಿಗೆ ಪಟ್ಟಿ ಒಂದಿಂಚು ಮತ್ತು ಇನ್ನೊಂದು ನೂಲಿನಷ್ಟು (ಇಂಚಿನ ಎಂಟನೇ ಒಂದು ಭಾಗ) ಜಾಗ ಇರಲಿ. ತೀರ ಅಗಲ ಬಿಟ್ಟರೆ ಒಳಗೆ ಮಗುಚುತ್ತದೆ, ತೀರ ಬಿಗಿಯಾದರೆ ಪಿನ್ನೇ ಓಡುವುದಿಲ್ಲ. ಮಡಚಲು, ಒಳಮಡಿಕೆ ಸೇರಿ, ಮೇಲೆ ಒಂದೂವರೆ ಇಂಚು ಬಟ್ಟೆ ಬಿಟ್ಟು ಕತ್ತರಿಸಿ.

ಅಳತೆ ತೆಗೆಯುವುದು ಊಟ ಆದ ಮೇಲೆ, ಮಗುವನ್ನು ಕೂರಿಸಿ. ಒಳಗೆ ಹಾಕುವ ಲೆಗ್ಗಿಂಗ್ಸ್ ಇದ್ದರೆ ಅದನ್ನೂ ಹಾಕಿಸಿಯೇ. ಸಂಜೆ ನಾಲ್ಕಕ್ಕೆ ಮೇಕಪ್ ಮಾಡಿ ರಾತ್ರಿ ಒಂಬತ್ತಕ್ಕೆ ಸ್ಟೇಜ್ ಹತ್ತಿಸುವುದು ನಮ್ಮಲ್ಲಿ ಹೊಸದಲ್ಲ. ಮಧ್ಯೆ ಉಪ್ಪಿಟ್ಟೋ ಬನ್ಸೋ ತಿನ್ನಿಸುತ್ತಾರೆ. ಖಾಲಿ ಹೊಟ್ಟೆಯ ಅಳತೆ ಆಗ ಉಪಯೋಗಕ್ಕೆ ಬರುವುದಿಲ್ಲ.

ಮಗುವಿಗೆ ತೊಡಿಸಿ ಅಳತೆ ಖಚಿತವಾದ ಮೇಲೆ ಇಲಾಸ್ಟಿಕ್ಕಿನ ಎರಡು ತುದಿ ಜೋಡಿಸುವಾಗ ಒಂದರ ಮೇಲೊಂದು ಇಟ್ಟು ಚೌಕಾಕಾರದಲ್ಲಿ ಹೊಲಿದು ನಡುವೆ ಅಡ್ಡ ಗೆರೆ ಹಾಕಿ. ಗಟ್ಟಿ ಇಲಾಸ್ಟಿಕ್ ಆದರೆ ಆ ಜಾಗ ದಪ್ಪವಾಗಿ ಬೆನ್ನಿಗೆ ಒತ್ತುತ್ತದೆ. ಅದಕ್ಕೆ ಎರಡು ತುದಿಯನ್ನೂ ಪಕ್ಕಪಕ್ಕ ಇಟ್ಟು ಕೆಳಗೊಂದು ಕಾಟನ್ ತುಂಡು ಕೊಟ್ಟು ಹೊಲಿಯುವುದು ಒಳ್ಳೆಯದು. ಕೊನೆಗೆ ನೆರಿಗೆ ಸಮ ಮಾಡಿ, ಎರಡು ಪಕ್ಕದ ಹೊಲಿಗೆಯ ಮೇಲೂ ಹಿಂದೆ ನಡುವಿನಲ್ಲೂ ಮೇಲಿಂದ ಕೆಳಕ್ಕೆ ಇಲಾಸ್ಟಿಕ್ ಸೇರಿಸಿ ಸಣ್ಣ ಹೊಲಿಗೆ ಹಾಕಿ. ಐದು ನಿಮಿಷದ ಕೆಲಸ. ಇದನ್ನು ಬಿಟ್ಟರೆ ನೆರಿಗೆಯೆಲ್ಲ ಒಂದೇ ಕಡೆ ಸರಿದು ನಿಲ್ಲುತ್ತದೆ. ಆ ಹಿಂದಿನ ಹೊಲಿಗೆಗೆ ಒಂದು ಬಣ್ಣದ ರಿಬ್ಬನ್ ತುಂಡು ಸೇರಿಸಿದರೆ ಗ್ರೀನ್ ರೂಮಿನಲ್ಲಿ ಹಿಂದೆ ಮುಂದೆ ಗೊತ್ತಾಗುತ್ತದೆ.

ಈ ದಾರಿಯ ಕೊರತೆ ಒಂದೇ. ಮುಂದೆಯೂ ನೆರಿಗೆ ಬರುತ್ತದೆ, ಹೊಟ್ಟೆ ಉಬ್ಬಿದಂತೆ ಕಾಣುತ್ತದೆ. ಮೇಲೆ ಡಾಬು ಕಟ್ಟಿದರೆ ಅದು ಆ ಉಬ್ಬಿನ ಮೇಲೆ ಕೂರದೆ ಮೇಲಕ್ಕೆ ಏರುತ್ತದೆ.

ಮುಂದೆ ಸಪಾಟು, ಹಿಂದೆ ಇಲಾಸ್ಟಿಕ್

ನನ್ನ ಓಟು ಇದಕ್ಕೆ. ಮುಂಭಾಗ ನೆರಿಗೆಯಿಲ್ಲದ ಪಟ್ಟಿ, ಒಳಗೆ ಕ್ಯಾನ್‌ವಾಸ್ ಕೊಟ್ಟರೆ ನೆಟ್ಟಗೆ ನಿಲ್ಲುತ್ತದೆ. ಹಿಂದೆ ಮಾತ್ರ ಇಲಾಸ್ಟಿಕ್. ಫೋಟೋದಲ್ಲಿ ಟೈಲರ್ ಹೊಲಿದಂತೆ ಕಾಣುತ್ತದೆ, ಹಾಕುವುದು ಚಡ್ಡಿಯಷ್ಟೇ ಸುಲಭ. ಡಾಬು, ಮಣಿಯ ಬೆಲ್ಟ್, ಸೊಂಟದ ಶಾಲು ಯಾವುದಿದ್ದರೂ ಮುಂದೆ ಚೆನ್ನಾಗಿ ಕೂರುತ್ತದೆ. ಮಗುವಿನ ಹೊಟ್ಟೆಗೆ ಇಲಾಸ್ಟಿಕ್ ತಾಗುವುದೇ ಇಲ್ಲ, ಹಾಗಾಗಿ ಕಿರಿಕಿರಿಯೂ ಕಡಿಮೆ.

ಅದೇ 22 ಇಂಚಿನ ಮಗುವಿಗೆ ಲೆಕ್ಕ ಹೀಗೆ. ಮುಂದಿನ ಪಟ್ಟಿ ಹೊಲಿದಾದ ಮೇಲೆ 11 ಇಂಚು. ಹಿಂದಿನ ಬಟ್ಟೆ 15. ಎರಡೂ ಸೇರಿ 26, ಹಿಂಭಾಗ ದಾಟುತ್ತದೆ. ಹಿಂದಿನ ಇಲಾಸ್ಟಿಕ್ ಹೊಲಿದಾದ ಮೇಲೆ 9 ಅಥವಾ 9.5 ಇರಲಿ, ಎರಡು ಪಕ್ಕಕ್ಕೂ ಅರ್ಧರ್ಧ ಇಂಚು ಸೇರಿಸಿ ಕತ್ತರಿಸಿ. ತುದಿಗಳನ್ನು ಪಕ್ಕದ ಹೊಲಿಗೆಯೊಳಗೆ ಸೇರಿಸಿ ಎರಡು ಮೂರು ಸಲ ಹಿಂದೆ ಮುಂದೆ ಹೊಲಿಯಿರಿ. ಇಡೀ ಎಳೆತ ಬೀಳುವುದು ಆ ಎರಡು ಜಾಗಕ್ಕೆ, ಬಿಚ್ಚಿದರೆ ಅಲ್ಲಿಯೇ ಬಿಚ್ಚುವುದು.

ಕಷ್ಟ ಎಲ್ಲಿ ಎಂದರೆ, ಆಮೇಲೆ ಬಿಗಿ ಮಾಡಬೇಕೆಂದರೆ ಪಕ್ಕದ ಹೊಲಿಗೆ ಬಿಚ್ಚಬೇಕು. ಇದಕ್ಕೆ ತೂತಿನ ಇಲಾಸ್ಟಿಕ್ ಪರಿಹಾರ. ಉದ್ದಕ್ಕೂ ಕಾಜಾದಂತೆ ತೂತುಗಳಿರುವ ಇಲಾಸ್ಟಿಕ್ ಅದು, ಮಕ್ಕಳ ಜೀನ್ಸ್ ಒಳಗೆ ನೋಡಿರುತ್ತೀರಿ. ಒಳಬದಿಯಲ್ಲಿ ಎರಡು ಗುಂಡಿ ಇಟ್ಟರೆ ಬೇಕಾದ ತೂತಿಗೆ ಸಿಕ್ಕಿಸಿ ಬಿಗಿ ಸಡಿಲ ಮಾಡಬಹುದು. ಈ ವರ್ಷ ಅಕ್ಕನಿಗೆ, ಮುಂದಿನ ವರ್ಷ ತಂಗಿಗೆ ಎಂಬ ಯೋಜನೆ ಇದ್ದರೆ ಇದನ್ನೇ ಹಾಕಿ. ಒಂದೇ ಸಲದ ಡ್ರೆಸ್ಸಿಗೆ ಇಷ್ಟೆಲ್ಲ ಬೇಡ.

ಲೈಕ್ರಾ ಬಟ್ಟೆಗೆ

ಸಿನಿಮಾ ಹಾಡಿನ ಡ್ಯಾನ್ಸಿಗೆ ಬೇಕಾಗುವ ಮಿರಿಮಿರಿ ಲೈಕ್ರಾ ಪ್ಯಾಂಟಿಗೆ ಪಟ್ಟಿ ಮಡಚುವ ಬದಲು ಇಲಾಸ್ಟಿಕ್ಕನ್ನು ನೇರವಾಗಿ ಬಟ್ಟೆಗೇ ಹೊಲಿಯುವುದು ಚೆಂದ. ಇಲಾಸ್ಟಿಕ್ ಸುತ್ತನ್ನು ನಾಲ್ಕು ಸಮಭಾಗ ಮಾಡಿ ಚಾಕಿನಲ್ಲಿ ಗುರುತು ಹಾಕಿ, ಬಟ್ಟೆಗೂ ಹಾಗೆಯೇ. ಗುರುತಿಗೆ ಗುರುತು ಪಿನ್ ಮಾಡಿ, ಎಳೆದು ಹಿಡಿದು ಝಿಗ್‌ಝಾಗ್ ಹೊಲಿಗೆ. ಆಮೇಲೆ ಒಳಕ್ಕೆ ಮಡಚಿ ಇನ್ನೊಮ್ಮೆ. ತುದಿ ಗುಂಡಗಿರುವ ಬಾಲ್ ಪಾಯಿಂಟ್ ಸೂಜಿ ಬೇಕು, ಸಾಮಾನ್ಯ ಸೂಜಿಯಲ್ಲಿ ಲೈಕ್ರಾಕ್ಕೆ ಹೊಲಿಗೆ ತಪ್ಪುತ್ತದೆ.

ಮನೆಯಲ್ಲಿರುವುದು ನೇರ ಹೊಲಿಗೆಯ ಕಾಲು ಮಿಷನ್ ಆದರೆ? ಎಳೆದಾಗ ನೇರ ಹೊಲಿಗೆಯ ದಾರ ಪಟಪಟ ತುಂಡಾಗುತ್ತದೆ. ಇಲಾಸ್ಟಿಕ್ ಪಿನ್ ಮಾಡಿ, ಕಚ್ಚಾ ಹೊಲಿಗೆ ಹಾಕಿ, ಸೀರೆಗೆ ಫಾಲ್ ಪಿಕೋ ಹಾಕುವವರ ಹತ್ತಿರ ಕೊಂಡುಹೋಗಿ. ಪಿಕೋ ಮಿಷನ್ ಹಾಕುವುದು ಝಿಗ್‌ಝಾಗನ್ನೇ. ಕೆಲಸ ಪುಟ್ಟದು, ಹೆಚ್ಚಿನವರು ಕೂತಲ್ಲೇ ಮಾಡಿಕೊಡುತ್ತಾರೆ. ಅದೂ ಆಗದಿದ್ದರೆ ಲೈಕ್ರಾದಲ್ಲೂ ಪಟ್ಟಿ ಮಡಚಿ ತೂರಿಸಿ, ಹೊಲಿಗೆಯನ್ನು ದೊಡ್ಡದಿಟ್ಟು ಬಟ್ಟೆ ಸ್ವಲ್ಪ ಎಳೆದು ಹಿಡಿದು ಹೊಲಿಯಿರಿ. ಒಂದು ಸಂಜೆಗೆ ತಡೆಯುತ್ತದೆ.

ಯಾವ ವೇಷಕ್ಕೆ ಯಾವುದು

ಅಷ್ಟಮಿಯ ಮುದ್ದುಕೃಷ್ಣನ ಹಳದಿ ಕಚ್ಚೆ ತೆಗೆದುಕೊಳ್ಳಿ. ಉಡುಪಿಯಲ್ಲಿ ಆ ದಿನಗಳಲ್ಲಿ ನಡೆಯಲು ಕಲಿಯುತ್ತಿರುವ ಕೂಸೂ ಕೃಷ್ಣ. ಮೇಲೆ ಬರಿಮೈ, ಒಳಗೆ ಡಯಾಪರ್. ಆದ್ದರಿಂದ ಡಯಾಪರ್ ಹಾಕಿಸಿಯೇ ಅಳತೆ ತೆಗೆಯಬೇಕು. ಇಲ್ಲಿ ಸುತ್ತಲೂ ಮುಕ್ಕಾಲಿಂಚಿನ ಮೆತ್ತನೆ ಇಲಾಸ್ಟಿಕ್ಕೇ ಸರಿ, ಸೊಂಟಕ್ಕಿಂತ ಒಂದೇ ಇಂಚು ಕಡಿಮೆ. ಪೈಜಾಮ ಹೊಲಿದು ಅದರ ಮೇಲೆ ಕಚ್ಚೆಯ ನೆರಿಗೆ ಕೂರಿಸಿ ಹೊಲಿದುಬಿಡಿ. ಪಂಚೆ ಉಡಿಸುವ ಕಷ್ಟವೇ ಇಲ್ಲ, ಡಯಾಪರ್ ಬದಲಿಸುವಾಗ ಎಲ್ಲವೂ ಒಂದೇ ಸಲ ಕೆಳಗಿಳಿಯುತ್ತದೆ. ಜರಿ ಅಂಚು ಮೈಗೆ ತಾಗದಂತೆ ಪಟ್ಟಿಯ ಒಳಬದಿಗೆ ಕಾಟನ್ ಕೊಡಿ. ಕೂಸು ಅಳುವುದು ಹೆಚ್ಚಾಗಿ ಆ ಜರಿ ಚುಚ್ಚಿಯೇ.

ಹುಲಿವೇಷಕ್ಕೆ ಲೆಕ್ಕ ಬೇರೆ. ನವರಾತ್ರಿಯಲ್ಲಿ ತಾಸೆಯ ಬಡಿತ ಕೇಳಿದರೆ ಸಾಕು, ನಮ್ಮ ಮಕ್ಕಳು ನಿಂತಲ್ಲಿ ನಿಲ್ಲುವುದಿಲ್ಲ. ಹಾರುವುದು, ಒದೆಯುವುದು, ನೆಲಕ್ಕೆ ಕೂತು ಏಳುವುದು. ಬಟ್ಟೆ ಹೆಚ್ಚಾಗಿ ವೆಲ್ವೆಟ್ಟು. ಅದನ್ನೇ ಎರಡು ಮಡಿಕೆ ಮಡಚಿದರೆ ಸೊಂಟದಲ್ಲಿ ದಿಂಬು ಕಟ್ಟಿಕೊಂಡಷ್ಟು ದಪ್ಪ. ಪಟ್ಟಿಯನ್ನು ಬೇರೆ ಕಾಟನ್ ಬಟ್ಟೆಯಲ್ಲಿ ಮಾಡಿ ಒಳಗಿನಿಂದ ಹೊಲಿಯಿರಿ. ಒಳಗೆ ನಾನ್‌ರೋಲ್ ಇಲಾಸ್ಟಿಕ್, ಜೊತೆಗೇ ಒಂದು ಲಾಡಿ. ಇಲಾಸ್ಟಿಕ್ಕು ಚಲನೆಗೆ, ಲಾಡಿ ಭರವಸೆಗೆ. ಲಾಡಿಯ ತುದಿ ಮುಂದೆ ಒಳಬದಿಗೆ ಬರಲಿ. ಲಾಡಿಯನ್ನು ಹಿಂದೆ ನಡುವಿನಲ್ಲಿ ಒಂದು ಹೊಲಿಗೆ ಹಾಕಿ ನಿಲ್ಲಿಸಿ, ಆಗ ಒಂದು ತುದಿ ಒಳಗೆ ಹೋಗಿ ಮಾಯವಾಗುವುದಿಲ್ಲ. ಬಾಲ ಇಡುವುದಾದರೆ ಅದನ್ನು ವೆಲ್ವೆಟ್ಟಿಗೆ ಮಾತ್ರ ಹೊಲಿಯಬೇಡಿ. ಬಾಲದ ಬುಡದಿಂದ ಒಂದು ಗಟ್ಟಿ ಟೇಪು ಮೇಲಕ್ಕೆ ತಂದು ಸೊಂಟದ ಪಟ್ಟಿಗೇ ಸೇರಿಸಿ. ಇಲ್ಲದಿದ್ದರೆ ಹಿಂದಿನಿಂದ ಬರುವ ಇನ್ನೊಂದು ಹುಲಿ ಬಾಲ ತುಳಿದಾಗ ಪ್ಯಾಂಟೇ ಇಳಿಯುತ್ತದೆ.

ದಾಂಡಿಯಾದ ಘಾಗ್ರಾ ಅತಿ ಕಷ್ಟದ್ದು. ನಾಲ್ಕೈದು ಮೀಟರ್ ಘೇರು (ಕೆಳಗಿನ ಸುತ್ತು), ಕೆಳಗೆ ಲೇಸು, ಕನ್ನಡಿ. ಸುತ್ತಿದಾಗ ಭಾರ ಹೊರಕ್ಕೆ ಎಳೆಯುತ್ತದೆ, ನಿಂತಾಗ ಕೆಳಕ್ಕೆ. ಇಲ್ಲಿ ಒಳಗೊಂದು ತೋಳಿಲ್ಲದ ಕಾಟನ್ ಬನಿಯನ್ ತೊಡಿಸಿ, ಲಂಗ ನಿಲ್ಲಬೇಕಾದ ಜಾಗಕ್ಕೆ ಗುರುತು ಹಾಕಿ, ಲಂಗವನ್ನು ಬನಿಯನ್ನಿಗೇ ಹೊಲಿದುಬಿಡಿ. ಭಾರವೆಲ್ಲ ಭುಜಕ್ಕೆ ಹೋಗುತ್ತದೆ. ಮೇಲೆ ಚೋಳಿ ಬರುವುದರಿಂದ ಬನಿಯನ್ ಕಾಣುವುದಿಲ್ಲ. ಹೊಟ್ಟೆ ಕಾಣುವ ಚೋಳಿಯಾದರೆ ಮೈಬಣ್ಣದ ಬನಿಯನ್. ಸೆಕೆ ಆಗುವುದಿಲ್ಲವಾ ಎಂದರೆ, ಆಗುತ್ತದೆ. ಆದರೂ ಸಿಂಥೆಟಿಕ್ ಬಟ್ಟೆ ನೇರ ಮೈಗೆ ತಾಗಿ ಬೆವರುವುದಕ್ಕಿಂತ ಕಾಟನ್ ಬನಿಯನ್ನೇ ವಾಸಿ. ಲಂಗವಾದ್ದರಿಂದ ಬಾತ್‌ರೂಮಿಗೆ ಹೋಗಲು ಮೇಲೆತ್ತಿದರೆ ಸಾಕು. ಪ್ಯಾಂಟು, ಪೈಜಾಮವನ್ನು ಮಾತ್ರ ಹೀಗೆ ಬನಿಯನ್ನಿಗೆ ಹೊಲಿಯಬೇಡಿ. ಆಗ ಮಗು ಇಡೀ ಡ್ರೆಸ್ ಬಿಚ್ಚಬೇಕು, ಬಳೆ, ಸರ, ಜಡೆಬಿಲ್ಲೆ ಸಮೇತ.

ಭರತನಾಟ್ಯದ ಡ್ರೆಸ್ಸಿಗೆ ಇಲಾಸ್ಟಿಕ್ ಹಾಕಬೇಕೇ? ನನ್ನ ಪ್ರಕಾರ ಲಾಡಿಯೇ ಸಾಕು. ಅರೆಮಂಡಿಯಲ್ಲಿ ಮೊಣಕಾಲು ಹೊರಕ್ಕೆ ಬಿಚ್ಚಿದಾಗ ಬಟ್ಟೆ ಕೆಳಕ್ಕೆ ಜಗ್ಗುತ್ತದೆ. ಬರೀ ಇಲಾಸ್ಟಿಕ್ ಇದ್ದರೆ ಪ್ರತಿ ಸಲ ಕಾಲಿಂಚು ಇಳಿದು, ಒಂದು ವರ್ಣ (ಭರತನಾಟ್ಯದ ಉದ್ದದ ನೃತ್ಯ) ಮುಗಿಯುವಷ್ಟರಲ್ಲಿ ಮುಂದಿನ ಬೀಸಣಿಗೆಯಂಥ ಫ್ಯಾನಿನ ನೆರಿಗೆ ಮೊಣಕಾಲು ದಾಟಿರುತ್ತದೆ. ಲಾಡಿ ಬಿಗಿದು ಮೇಲೆ ಡಾಬು ಕಟ್ಟಿದರೆ ಅಲ್ಲಾಡುವುದಿಲ್ಲ. ಚಿಕ್ಕ ಮಕ್ಕಳಾದರೆ ಹಿಂದೆ ಮೂರು ನಾಲ್ಕು ಇಂಚು ಇಲಾಸ್ಟಿಕ್ ಕೊಟ್ಟು ಉಳಿದದ್ದಕ್ಕೆ ಲಾಡಿ ತೂರಿಸಬಹುದು. ಹೇಗೂ ಗುರುಗಳನ್ನು ಒಮ್ಮೆ ಕೇಳಿ. ಅವರವರ ಪದ್ಧತಿ ಇರುತ್ತದೆ.

ವೆಲ್ಕ್ರೋ ಬೇಡ. ನೆಟ್ ಬಟ್ಟೆಗೆ ಹಿಡಿದುಕೊಂಡು ಎಳೆ ಕಿತ್ತುಹಾಕುತ್ತದೆ, ಕುಣಿಯುವಾಗ ಚರ್ ಎಂದು ಬಿಚ್ಚುತ್ತದೆ. ಹುಕ್ಕು ಇಡುವುದಾದರೆ ತುಕ್ಕು ಹಿಡಿಯದ್ದನ್ನು ಕೇಳಿ ತನ್ನಿ. ನಮ್ಮ ಕಡಲ ಗಾಳಿಗೆ ಕಬ್ಬಿಣದ್ದು ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಬಿಳಿ ಸ್ಯಾಟಿನ್ ಮೇಲೆ ಕಂದು ಕಲೆ ಬಿಟ್ಟಿರುತ್ತದೆ. ಬಾಬಿನ್‌ಗೆ ಇಲಾಸ್ಟಿಕ್ ದಾರ ಸುತ್ತಿ ಸಾಲು ಸಾಲಾಗಿ ಹೊಲಿಯುವುದು ಫ್ರಾಕಿನ ಎದೆಗೆ ಚೆಂದ, ಲಂಗದ ಸೊಂಟಕ್ಕೆ ಶಕ್ತಿ ಸಾಲದು.

ಹೊಲಿದ ಮೇಲೆ

ಇಲಾಸ್ಟಿಕ್ ತೂರಿಸಿದ ಆ ಎರಡಿಂಚಿನ ಕಿಂಡಿಯನ್ನು ತಕ್ಷಣ ಮುಚ್ಚಬೇಡಿ. ತುದಿಗಳಿಗೆ ಪಿನ್ ಹಾಕಿ ಮಗುವಿಗೆ ತೊಡಿಸಿ, ಹಾಡು ಹಾಕಿ, ಪೂರ್ತಿ ಡ್ಯಾನ್ಸ್ ಮಾಡಿಸಿ. ಕನ್ನಡಿ ಎದುರು ಸುಮ್ನೆ ನಿಲ್ಲಿಸಿ “ಸರಿ ಉಂಟಾ?” ಎಂದು ಕೇಳಿದರೆ ಎಲ್ಲ ಮಕ್ಕಳೂ “ಹ್ಞೂಂ” ಎನ್ನುತ್ತಾರೆ. ಕೈ ಎರಡೂ ಮೇಲೆತ್ತಿ ಹತ್ತು ಸಲ ಹಾರಿಸಿ, ಒಮ್ಮೆ ನೆಲಕ್ಕೆ ಕೂರಿಸಿ ಎಬ್ಬಿಸಿ. ಅರ್ಧ ಇಂಚಿಗಿಂತ ಜಾಸ್ತಿ ಇಳಿದರೆ ಇಲಾಸ್ಟಿಕ್ ಒಂದು ಸಲ ಮಾತ್ರ ಅರ್ಧ ಇಂಚು ಬಿಗಿ ಮಾಡಿ ನೋಡಿ. ಆಮೇಲೂ ಇಳಿದರೆ ಲಾಡಿ ಸೇರಿಸಿ, ಇಲ್ಲವೇ ಬನಿಯನ್ನಿಗೆ ಹೊಲಿಯಿರಿ. ಡ್ರೆಸ್ ತೆಗೆದ ಮೇಲೆ ಹೊಟ್ಟೆ ನೋಡಿ. ಗುರುತು ಹತ್ತು ನಿಮಿಷದಲ್ಲಿ ಮಾಯವಾದರೆ ಚಿಂತೆಯಿಲ್ಲ. ಅರ್ಧ ಗಂಟೆಯಾದರೂ ಇದ್ದರೆ ಸಡಿಲ ಮಾಡಿ.

ಮಗು ತಾನೇ ಕೆಳಗಿಳಿಸಿ ತಾನೇ ಏರಿಸಲು ಬರುತ್ತದಾ ಎಂದೂ ನೋಡಿಕೊಳ್ಳಿ. ಲಾಡಿ ಇದ್ದರೆ ಬಿಚ್ಚಲು ಬರುವ ಗಂಟು ಹಾಕುವುದನ್ನು ಕಲಿಸಿ.

ಕಾರ್ಯಕ್ರಮ ಮುಗಿದ ಮೇಲೆ ಬೆವರಿನ ಡ್ರೆಸ್ಸನ್ನು ಹಾಗೇ ಪ್ಲಾಸ್ಟಿಕ್ ಚೀಲಕ್ಕೆ ತುಂಬಬೇಡಿ. ತಣ್ಣೀರಿನಲ್ಲಿ ಒಗೆದು ನೆರಳಲ್ಲಿ ಒಣಗಿಸಿ. ಬಿಸಿನೀರು, ಬಿಸಿಲು, ಇಸ್ತ್ರಿ ಮೂರೂ ರಬ್ಬರಿಗೆ ಆಗದು. ಇಸ್ತ್ರಿ ಹಾಕಲೇಬೇಕಾದರೆ ಸೊಂಟದ ಪಟ್ಟಿ ಬಿಟ್ಟು ಹಾಕಿ. ಡ್ರೆಸ್ ಬೇರೆ ಮಗುವಿಗೆ ಕೊಡುವುದಾದರೆ ಆ ಕಿಂಡಿಯನ್ನು ಕೈಹೊಲಿಗೆಯಲ್ಲೇ ಮುಚ್ಚಿಡಿ, ತೆಗೆದುಕೊಂಡವರಿಗೆ ಬಿಚ್ಚಿ ಹೊಸ ಇಲಾಸ್ಟಿಕ್ ಹಾಕಲು ಸುಲಭವಾಗುತ್ತದೆ.